ಬೆಲ್ಟಿಗೆ ಸುತ್ತಿಕೊಂಡ ದಾರ

“ಸ್ವಲ್ಪ ಹೊತ್ತು ಯಾರೂ ಉಸಿರಾಡಬೇಡಿ,” ಎಂದಳು ಇಸ್ಕ್ರಾ.

ಬಚ್ಚಲಿನ ಬಾಗಿಲಲ್ಲಿ ನಿಂತಿದ್ದ ಪಾವ್ಲೀನಾ ನಿಜಕ್ಕೂ ಉಸಿರು ಬಿಗಿಹಿಡಿದಳು. ರಿಪೇರಿಗೆ ಬಂದಿದ್ದ ಇಸ್ಕ್ರಾ ಒದ್ದೆ ನೆಲದ ಮೇಲೆ ಉದ್ದಕ್ಕೆ ಮಲಗಿ ವಾಷಿಂಗ್ ಮಷೀನಿನ ಪಕ್ಕೆಗೆ ಕಿವಿ ಹಚ್ಚಿದ್ದಳು. ಒಳಗೆ ಖಾಲಿ ಡ್ರಮ್ಮು ಬಟ್ಟೆ ಹಿಂಡುವ ವೇಗಕ್ಕೆ ಏರುತ್ತಿತ್ತು. ಮೊದಲು ಗುಂಯ್ ಎಂದಿತು, ಆಮೇಲೆ ನಡುಗಿತು, ಆಮೇಲೆ ಶುರುವಾಯಿತು ನೋಡಿ: ಠಣ್, ಠಣ್, ಠಣ್. ಜೊತೆಗೆ ರಬ್ಬರು ಸುಟ್ಟ ವಾಸನೆ.

ಇಸ್ಕ್ರಾ ಗುಂಡಿ ಒತ್ತಿ ಅದನ್ನು ಸುಮ್ಮನಾಗಿಸಿದಳು. ಎದ್ದು ಕೂತಾಗ ಅವಳ ಮುಖದಲ್ಲಿ ಹಬ್ಬದ ಕಳೆ ಇತ್ತು. ಬೇರೆಯವರ ಮನೆಯ ಮಷೀನು ಕೆಟ್ಟರೆ ಇಷ್ಟು ಖುಷಿಪಡುವ ಹೆಂಗಸು ಡಾನ್ಯೂಬ್ ನದಿ ದಡದ ಇಡೀ ರೂಸೆ ಪಟ್ಟಣದಲ್ಲಿ ಇನ್ನೊಬ್ಬಳಿರಲಿಲ್ಲ.

ಮೊದಲು ಬಂದಿದ್ದ ಮೆಕ್ಯಾನಿಕ್ಕು ಬೇರಿಂಗ್ ಹೋಗಿದೆ, ಹೊಸ ಮಷೀನೇ ತಗೊಳ್ಳಿ ಎಂದನಂತೆ. ಪಾವ್ಲೀನಾ ಅದನ್ನು ಹೇಳಿ ಮುಗಿಸುವ ಮೊದಲೇ ಇಸ್ಕ್ರಾ ನಕ್ಕುಬಿಟ್ಟಳು. ಡ್ರಮ್ಮಿಗೆ ಕೈ ಹಾಕಿ ತಿರುಗಿಸಿ ತೋರಿಸಿದಳು. ಅದು ಬೆಣ್ಣೆಯಲ್ಲಿ ತಿರುಗಿದಂತೆ ಸದ್ದಿಲ್ಲದೆ ತಿರುಗಿತು.

“ಬೇರಿಂಗ್ ಹೋಗಿದ್ರೆ ಗೊರಗೊರ ಅನ್ನುತ್ತೆ ಅಕ್ಕ, ನಿಮ್ಮ ಯಜಮಾನರು ನಿದ್ದೆ ಮಾಡೋ ಥರ. ಇದು ಗೊರಕೆ ಅಲ್ಲ. ಒಳಗಡೆಯಿಂದ ಯಾರೋ ಬಾಗಿಲು ಬಡೀತಿದಾರೆ.”

ಪಾವ್ಲೀನಾಗೆ ನಗು ಬರಲಿಲ್ಲ. ಬರುವ ಹಾಗೂ ಇರಲಿಲ್ಲ. ಅತ್ತೆ ಗೀನಾ ಅಜ್ಜಿಯ ಬೆಳ್ಳಿಯ ಪಾಫ್ತಿ, ಅಂದರೆ ಮದುಮಗಳ ನಡುಪಟ್ಟಿಗೆ ಹಾಕುವ ಅಂಗೈಯಗಲದ ಜೋಡಿ ಕೊಂಡಿ, ಸೋಮವಾರ ಬೀಗ ಹಾಕಿದ ಪೆಟ್ಟಿಗೆಯಿಂದ ಮಾಯವಾಗಿತ್ತು. ಆ ದಿನ ಮನೆಯಲ್ಲಿ ಒಬ್ಬಳೇ ಇದ್ದವಳು ಮದುವೆ ಕೆಲಸಕ್ಕೆಂದು ಮುಂಚೆಯೇ ಬಂದಿದ್ದ ಭಾವೀ ಸೊಸೆ ನೆವೆನಾ. ಮದುವೆ ಈ ಭಾನುವಾರ. ಅದು ತಪ್ಪಿದರೆ ಉಪವಾಸದ ದಿನಗಳು ಶುರುವಾಗುತ್ತವೆ, ಈಸ್ಟರ್ ಕಳೆಯುವವರೆಗೆ ಪಾದ್ರಿ ಮದುವೆಗಳಿಗೆ ಚರ್ಚಿನ ಬಾಗಿಲು ಬಿಗಿಯುತ್ತಾನೆ, ಶನಿವಾರವಷ್ಟೇ ಊರಿಗೆ ಬರಲಿರುವ ಮದುಮಗ, ಪಾವ್ಲೀನಾಳ ಮಗ ಬೊಯಾನ್ ಅಷ್ಟರಲ್ಲಿ ಮತ್ತೆ ತನ್ನ ಸರಕು ಹಡಗು ಹತ್ತಿ ಡಾನ್ಯೂಬಿನ ಆ ತುದಿ ಸೇರಿರುತ್ತಾನೆ. ಪಾಫ್ತಿ ಸಿಗಬೇಕು, ಇಲ್ಲವೇ ಮದುವೆ ಇಲ್ಲ ಎಂದು ಪಾವ್ಲೀನಾ ತೀರ್ಪು ಕೊಟ್ಟಾಗಿತ್ತು.

ಒಳಕೋಣೆಯಲ್ಲಿ ನೆವೆನಾ ಉಳಿದ ಬಟ್ಟೆಯನ್ನು ಕೈಚೀಲಕ್ಕೆ ತುಂಬುತ್ತಿದ್ದಳು. ಸಂಜೆಯ ಬಸ್ಸಿಗೆ ರಾಜ್‌ಗ್ರಾದಿನ ತವರಿಗೆ ಹೊರಟಿದ್ದಳು. ಹೋದರೆ ಕಳ್ಳಿ ಎಂದು ತಾನೇ ಒಪ್ಪಿಕೊಂಡಂತೆ, ಉಳಿದರೆ ದಿನವೂ ಆ ಮಾತು ಕೇಳಬೇಕು.

ಇಸ್ಕ್ರಾಗೆ ಆ ಹುಡುಗಿಯನ್ನು ಕಂಡರೆ ಪಾಪ ಅನಿಸಿತ್ತು. ಬೆಳಿಗ್ಗೆ ಬಂದ ಕೂಡಲೇ ಕೋಣೆಗೆ ಇಣುಕಿ, ಪಾಫ್ತಿ ಹೇಗಿತ್ತು ಎಂದು ಸುಮ್ಮನೆ ಕೇಳಿದ್ದಳು. ಈ ಮನೆಯಲ್ಲಿ ಅದನ್ನು ಮದುವೆಯ ಬೆಳಿಗ್ಗೆ ಅಜ್ಜಿಯೇ ಮದುಮಗಳ ಸೊಂಟಕ್ಕೆ ಹಾಕುವವರೆಗೆ ಯಾರಿಗೂ ತೋರಿಸುವುದಿಲ್ಲವಂತೆ. ನೆವೆನಾ ತಲೆಯೆತ್ತದೆ ಉತ್ತರ ಕೊಟ್ಟಿದ್ದಳು.

“ನಾನು ಅದನ್ನ ಕಣ್ಣಲ್ಲೇ ನೋಡಿಲ್ಲ. ನೋಡದೇ ಇರೋದನ್ನ ಹೇಗಕ್ಕ ಕದೀಲಿ?”

ಆ ಪ್ರಶ್ನೆ ಇಸ್ಕ್ರಾಳನ್ನು ಇನ್ನೂ ಒಳಗೇ ಕೊರೆಯುತ್ತಿತ್ತು. ಹೋದ ವರ್ಷ ನೋಟರಿಯ ಕಟ್ಟುಹಲ್ಲನ್ನು ಅವರ ವಾಷಿಂಗ್ ಮಷೀನಿನ ಪಂಪಿನ ಬಾಯಿಂದ ತೆಗೆದುಕೊಟ್ಟ ಮೇಲೆ ಊರಿನವರು ಅವಳನ್ನು ಬಟ್ಟೆ ಪೊಲೀಸು ಎಂದು ಕರೆಯುತ್ತಿದ್ದರು. ಅವಳು ಆ ಹೆಸರನ್ನು ಬೇಡವೆನ್ನಲಿಲ್ಲ. ಆ ಹೆಸರಿನಲ್ಲಿ ವಿಸಿಟಿಂಗ್ ಕಾರ್ಡು ಅಚ್ಚು ಹಾಕಿಸುವುದೊಂದು ಬಾಕಿ.

ಮಷೀನಿನ ಮೇಲಿದ್ದ ಹಲ್ಲುಜ್ಜುವ ಬ್ರಷ್ಷುಗಳ ಲೋಟವನ್ನು ಅವಳು ಎತ್ತಿ ಕಿಟಕಿಯ ಕಟ್ಟೆಯಲ್ಲಿಟ್ಟಳು. ಮೂರು ಹಳೆಯವು, ಒಂದು ಹೊಸ ಹಸಿರು ಬ್ರಷ್ಷು. ಆಮೇಲೆ ಮಷೀನನ್ನು ತಬ್ಬಿ ಗೋಡೆಯಿಂದ ಈಚೆಗೆ ಎಳೆದಳು. ಕೆಳಗಿನ ಕೊಳವೆಯಲ್ಲಿ ಉಳಿದಿದ್ದ ನೀರು ಭುಳಕ್ ಎಂದು ಹೊರಬಂದು, ಬಾಗಿಲ ಸಂದಿಯಿಂದ ಹಜಾರಕ್ಕೆ ಹರಿದು, ಅಲ್ಲಿ ಸಿದ್ಧವಾಗಿಟ್ಟಿದ್ದ ನೆವೆನಾಳ ಸೂಟ್‌ಕೇಸಿನ ಚಕ್ರ ತೋಯಿಸಿತು. ಪಾವ್ಲೀನಾ ಒರೆಸುಬಟ್ಟೆ ತರಲು ಓಡಿದಳು.

“ಇರಲಿ ಬಿಡೇ,” ಎಂದು ಅಡುಗೆಮನೆಯಿಂದ ಗೀನಾ ಅಜ್ಜಿಯ ದನಿ ಬಂತು. “ಹೊರಡೋರ ಮುಂದೆ ನೀರು ಚೆಲ್ಲಿದ್ರೆ ದಾರಿ ಸಲೀಸು.”

ಅದು ಹಾರೈಕೆಯೋ ಚುಚ್ಚುಮಾತೋ ಇಸ್ಕ್ರಾಗೆ ತಿಳಿಯಲಿಲ್ಲ.

ಹಿಂಬದಿಯ ತಗಡಿನ ಮುಚ್ಚಳ ಈಗ ಅವಳ ಕಣ್ಣೆದುರಿಗಿತ್ತು. ಅದರ ತಿರುಪುಗಳು ಕಾರ್ಖಾನೆಯಲ್ಲಿ ಬಿಗಿದ ಹಾಗೇ ಧೂಳು ತಿಂದು ಕೂತಿದ್ದವು. ಆದರೆ ಮೇಲ್ಮುಚ್ಚಳದ ಎರಡು ತಿರುಪುಗಳ ತಲೆ ಕಿತ್ತುಹೋಗಿತ್ತು. ಯಾರೋ ಅಡುಗೆಮನೆಯ ಚಾಕುವಿನಲ್ಲಿ ತಿರುವಿದ್ದರು. ಮೆಕ್ಯಾನಿಕ್ಕು ಎಷ್ಟೇ ದಡ್ಡನಾದರೂ ಚಾಕುವಿನಲ್ಲಿ ತಿರುಪು ತಿರುವುವುದಿಲ್ಲ.

“ಓಹೋ,” ಎಂದು ಮಷೀನಿಗೇ ಹೇಳಿದಳು.

ಸುಟ್ಟ ವಾಸನೆ ಬೆಲ್ಟಿನದು. ಮೊದಲು ಅದನ್ನು ನೋಡೋಣವೆಂದು ಹಿಂಬದಿ ಬಿಚ್ಚಿ ಟಾರ್ಚು ಬಿಟ್ಟಳು. ಡ್ರಮ್ಮಿನ ಗಾಲಿ, ಅದನ್ನು ಬಳಸಿ ಮೋಟಾರಿಗೆ ಇಳಿದ ಕಪ್ಪು ಬೆಲ್ಟು. ಬೆಲ್ಟಿಗೂ ಗಾಲಿಗೂ ನಡುವೆ ಏನೋ ಸಿಕ್ಕಿಕೊಂಡು ಸುತ್ತಿಕೊಂಡಿತ್ತು. ಚಿಮಟದಿಂದ ಎಳೆದಳು. ಅದು ಎಣ್ಣೆ ಹತ್ತಿದ ಉಣ್ಣೆಯ ದಾರ. ಎಣ್ಣೆಯ ಕೆಳಗೆ ಒಂದೆಳೆ ಕೆಂಪು, ಒಂದೆಳೆ ಬಿಳಿ. ತುದಿಯಲ್ಲಿ ಒಂದು ಪುಟ್ಟ ನೀಲಿ ಮಣಿ.

ಮಾರ್ಚಿನ ದಾರ. ತಿಂಗಳ ಮೊದಲ ದಿನ ಒಬ್ಬರಿಗೊಬ್ಬರು ಮಣಿಕಟ್ಟಿಗೆ ಕಟ್ಟುವ ದಾರ. ವರ್ಷದ ಮೊದಲ ಕೊಕ್ಕರೆ ಕಾಣುವವರೆಗೆ, ಇಲ್ಲವೇ ಹೂ ಬಿಟ್ಟ ಮರ ಕಾಣುವವರೆಗೆ ಯಾರೂ ಅದನ್ನು ಬಿಚ್ಚುವುದಿಲ್ಲ. ಅದಕ್ಕೂ ಮೊದಲೇ ಬಿಚ್ಚಿದರೆ ವರ್ಷವಿಡೀ ಗ್ರಹಚಾರ; ಕಂಡ ಮೇಲೆ ಬಿಚ್ಚಿ ಮರಕ್ಕೆ ಕಟ್ಟುತ್ತಾರೆ.

ಡ್ರಮ್ಮಿನೊಳಗೆ ಸಿಕ್ಕಿದ್ದರೆ ಅಂಗಿಯ ತೋಳಿನ ಜೊತೆ ಬಂತು ಎನ್ನಬಹುದಿತ್ತು. ಪಂಪಿನಲ್ಲಿ ಸಿಕ್ಕಿದ್ದರೂ ಅದೇ ಮಾತು. ಆದರೆ ಬೆಲ್ಟು ಇರುವುದು ಡ್ರಮ್ಮನ್ನು ಹೊತ್ತ ತೊಟ್ಟಿಯ ಹೊರಗೆ, ಅಲ್ಲಿಗೆ ಬಟ್ಟೆ ಹೋಗುವ ದಾರಿಯೇ ಇಲ್ಲ. ಅಲ್ಲಿಗೆ ಹೋಗಬಹುದಾದದ್ದು ಮೇಲಿನ ಮುಚ್ಚಳ ತೆಗೆದು ಇಳಿಬಿಟ್ಟ ಕೈ ಮಾತ್ರ.

ಟಾರ್ಚನ್ನು ಇನ್ನೂ ಒಳಕ್ಕೆ ಬಿಡಬೇಕಿತ್ತು. ಬಿಡಲಿಲ್ಲ. ದಾರ ಕಂಡದ್ದೇ ತಡ, ಇಸ್ಕ್ರಾಗೆ ಅಡುಗೆಮನೆಗೆ ಹೋಗುವ ಆತುರ ಬಂದಿತ್ತು.

*

ಅಡುಗೆಮನೆಯಲ್ಲಿ ಬಾನಿತ್ಸಾ ಆಗತಾನೇ ಒಲೆಯಿಂದ ಇಳಿದಿತ್ತು. ಪದರು ಪದರಿನ ನಡುವೆ ಉಪ್ಪುಗಿಣ್ಣು ಕರಗಿ ಘಮ್ಮೆನ್ನುತ್ತಿತ್ತು. ಪಾವ್ಲೀನಾಳ ಗಂಡ ಡಾಂಚೊ ಒಂದು ದೊಡ್ಡ ಚೂರಿನ ಮುಂದೆ ಕೂತು ಸಣ್ಣ ಲೋಟಗಳಿಗೆ ರಕಿಯಾ, ಅಂದರೆ ಹಣ್ಣಿನ ಸಾರಾಯಿ, ಬಗ್ಗಿಸುತ್ತಿದ್ದ. ನಿವೃತ್ತಿಯಾಗುವವರೆಗೆ ನದಿಯ ದೋಣಿಗಳಲ್ಲಿ ದುಡಿದ ಆಸಾಮಿ, ದನಿ ಈಗಲೂ ಆ ದಡಕ್ಕೆ ಕೇಳಿಸುವಷ್ಟು. ಕಿಟಕಿಯ ಬಳಿ ಗೀನಾ ಅಜ್ಜಿ, ಕೈಯಲ್ಲಿ ಕೋಲು.

ಇಸ್ಕ್ರಾ ಮೊದಲು ಒಂದು ಚೂರು ಬಾನಿತ್ಸಾ ತಿಂದಳು. ಬಿಸಿಯಿದ್ದಾಗ ತಿನ್ನದಿದ್ದರೆ ಅದಕ್ಕೆ ಅವಮಾನ. ಆಮೇಲೆ ನೆವೆನಾಳನ್ನೂ ಕರೆಸಿದಳು.

“ಕರೆಂಟಿನ ಕೆಲಸ. ಮನೇಲಿ ಎಲ್ಲರ ಕೈ ಒಣಗಿದೆಯಾ ನೋಡ್ಬೇಕು. ಅಂಗಿ ತೋಳು ಮೇಲೆತ್ತಿ ತೋರಿಸಿ.”

ಇಂಥ ಕಾನೂನು ಪ್ರಪಂಚದಲ್ಲಿ ಎಲ್ಲೂ ಇಲ್ಲ. ಆದರೂ ಪಾವ್ಲೀನಾ ಕೈ ಚಾಚಿದಳು. ಮಣಿಕಟ್ಟಿನಲ್ಲಿ ಕೆಂಪು–ಬಿಳಿ ದಾರ, ನೀಲಿ ಮಣಿ. ಅಜ್ಜಿ ಚಾಚಿದಳು. ದಾರ, ಮಣಿ. ಬಾಗಿಲಲ್ಲಿ ಕೋಟು ತೊಟ್ಟೇ ನಿಂತಿದ್ದ ನೆವೆನಾ ಚಾಚಿದಳು. ದಾರವೂ ಇತ್ತು, ಮಣಿಯೂ ಇತ್ತು. ಇಸ್ಕ್ರಾಗೆ ಒಂದು ಉಸಿರು ಹಗುರಾಯಿತು.

ಈ ದಾರಗಳನ್ನು ಗೀನಾ ಅಜ್ಜಿಯೇ ಹೊಸೆದದ್ದು. ಅಂಗಡಿಯ ದಾರಕ್ಕಿಲ್ಲದ ಎಡಹುರಿ, ದೃಷ್ಟಿಗೆಂದು ಒಂದೊಂದು ಮಣಿ. ಮಾಡಿದ್ದು ಈ ಮನೆಯವರಿಗಷ್ಟೇ ಎಂದು ಅಜ್ಜಿ ಬೆಳಿಗ್ಗೆ ಹೆಮ್ಮೆಯಿಂದ ಹೇಳಿಕೊಂಡಿದ್ದಳು.

ಡಾಂಚೊ ಒಬ್ಬ ಮಾತ್ರ ಬಾಟಲಿಯ ಮುಚ್ಚಳ ಹಾಕುವುದರಲ್ಲಿ ಮುಳುಗಿಹೋಗಿದ್ದ.

“ಡಾಂಚೊ ಮಾಮ, ನಿಮ್ಮ ಕೈ?”

“ನನ್ನ ಕೈ ಒಣಗಿದೆ.”

“ತೋಳು ಎತ್ತಿ.”

ಎತ್ತಿದ. ದಪ್ಪ ಮಣಿಕಟ್ಟು ಬೋಳಾಗಿತ್ತು, ಪಕ್ಕದಲ್ಲಿ ಒಂದು ಉದ್ದನೆಯ ಗೀರು ಕೆಂಪಗಿತ್ತು.

“ಕೊಕ್ಕರೆ ಕಂಡ್ತು,” ಎಂದ ಡಾಂಚೊ. “ಬಿಚ್ಚಿ ಮರಕ್ಕೆ ಕಟ್ಟಿದೆ.”

“ಎಲ್ಲಿ ಕಂಡ್ತು?”

“ನದಿ ಹತ್ರ. ನಿನ್ನೆ.”

ಪಾವ್ಲೀನಾ ತಿರುಗಿ ನೋಡಿದಳು. ಕೊಕ್ಕರೆ ಕಂಡವನು ಈ ಊರಿನಲ್ಲಿ ಸುಮ್ಮನೆ ಮನೆಗೆ ಬಂದು ಬಾನಿತ್ಸಾ ತಿನ್ನುವುದಿಲ್ಲ. ಬೀದಿಯ ಆ ತುದಿಯಿಂದಲೇ ಕೂಗಿಕೊಂಡು ಬರುತ್ತಾನೆ. ಅದರಲ್ಲೂ ಡಾಂಚೊ.

“ಬೆಳಿಗ್ಗೆ ನನ್ನ ರಿಪೇರಿ ಚೀಲ ಹೊತ್ಕೊಂಡು ಮೆಟ್ಟಿಲು ಹತ್ತುವಾಗ ಏನು ಹೇಳಿದ್ರಿ ಮಾಮ? ಈ ವರ್ಷ ಕೊಕ್ಕರೆ ತಡ, ಇನ್ನೂ ಒಂದೂ ಇಳಿದಿಲ್ಲ, ಕಾಲ ಕೆಟ್ಟುಹೋಯ್ತು ಅಂತ ಮೂರು ಅಂತಸ್ತು ಭಾಷಣ ಬಿಟ್ರಿ.”

ಎಲ್ಲರ ಕಣ್ಣೂ ಕಿಟಕಿಯ ಕಡೆ ಹೋಯಿತು. ಎದುರಿನ ಹಳೇ ಇಟ್ಟಿಗೆ ಕಾರ್ಖಾನೆಯ ಚಿಮಣಿಯ ಮೇಲೆ ವರ್ಷವೂ ಕೊಕ್ಕರೆ ಬಂದು ಇಳಿಯುವ ಗೂಡು. ಬೀದಿಯವರೆಲ್ಲ ದಿನಕ್ಕೆ ಹತ್ತು ಸಲ ಅದನ್ನೇ ನೋಡುತ್ತಿದ್ದರು. ಗೂಡು ಖಾಲಿಯಿತ್ತು. ಅಂಚಿನಲ್ಲಿ ಒಂದು ಕಾಗೆ ಕೂತು ಡಾಂಚೊನ ಮಾನ ಹರಾಜು ಹಾಕುತ್ತಿತ್ತು.

ಇಸ್ಕ್ರಾ ಎಣ್ಣೆ ಹತ್ತಿದ ದಾರವನ್ನು ಮೇಜಿನ ಮೇಲಿಟ್ಟಳು. ನೀಲಿ ಮಣಿ ತಟ್ಟೆಗೆ ತಾಗಿ ಟಿಣ್ ಎಂದಿತು.

“ಇದು ಕೊಕ್ಕರೆ ತಂದುಕೊಡ್ಲಿಲ್ಲ. ಮಷೀನಿನ ಬೆಲ್ಟಿನಲ್ಲಿತ್ತು. ಚಾಕುವಿನಲ್ಲಿ ಮುಚ್ಚಳ ಬಿಚ್ಚಿ ಕೈ ಇಳಿಬಿಟ್ಟೋರು ನೀವು. ಸ್ಪ್ರಿಂಗು ಕೈ ಗೀರಿದೆ, ದಾರ ಕಿತ್ಕೊಂಡಿದೆ.”

ಡಾಂಚೊ ರಕಿಯಾದ ಲೋಟ ಎತ್ತಿದ, ಕುಡಿಯದೆ ಕೆಳಗಿಟ್ಟ. ಅಷ್ಟು ದೊಡ್ಡ ಮನುಷ್ಯ ಕೂತಲ್ಲೇ ಕುಗ್ಗಿಹೋದ. ಒಂದು ಸಲ ತಾಯಿಯ ಕಡೆ ನೋಡಿದ. ಅಜ್ಜಿ ಕಿಟಕಿಯ ಆಚೆ ಕಾಗೆಯನ್ನೇ ನೋಡುತ್ತಿದ್ದಳು.

ಆಮೇಲೆ ಎಲ್ಲ ಹೊರಬಂತು. ಮದುವೆಗೆ ಪಾಫ್ತಿಗೆ ಹೊಳಪು ಕೊಡಿಸಲು ಅಕ್ಕಸಾಲಿಗನ ಹತ್ತಿರ ಒಯ್ಯುತ್ತೇನೆಂದು ಪಾವ್ಲೀನಾ ಹಟ ಹಿಡಿದಿದ್ದಳು. ಪರರ ಆಸಿಡ್ಡು ನನ್ನ ಪಾಫ್ತಿಗೆ ಬೇಡ, ಭಾನುವಾರದವರೆಗೆ ಎಲ್ಲಾದರೂ ಬಚ್ಚಿಡು ಎಂದು ಅಜ್ಜಿ ಮಗನ ಕೈಗೆ ಕೊರಳಿನ ಬೀಗದ ಕೈ ಬಿಚ್ಚಿಕೊಟ್ಟಿದ್ದಳು. ಸೋಮವಾರ ಸಂತೆಗೆ ಹೊರಡುವ ಮೊದಲು ಅವನು ಅದನ್ನು ಕರವಸ್ತ್ರದಲ್ಲಿ ಸುತ್ತಿ ಮಷೀನಿನ ಮೇಲ್ಮುಚ್ಚಳದ ಕೆಳಗೆ ಇಟ್ಟ. ಹೆಂಡತಿ ಮನೆಯ ಎಲ್ಲ ಮೂಲೆ ಗುಡಿಸುತ್ತಾಳೆ, ಆ ಮೂಲೆಯೊಂದನ್ನು ಬಿಟ್ಟು. ನೆವೆನಾ ಮೇಲೆ ಮಾತು ಬಂದಾಗ ತೆಗೆದುಕೊಡೋಣ ಎಂದುಕೊಂಡ. ಆದರೆ ಪಾವ್ಲೀನಾ ಮದುವೆಯ ಬಟ್ಟೆ ಒಗೆಯುತ್ತ ಬಚ್ಚಲು ಬಿಟ್ಟು ಕದಲಲಿಲ್ಲ. ಕೊನೆಗೆ ಸಮಯ ಸಿಕ್ಕಿ ಮುಚ್ಚಳ ತೆಗೆದರೆ ಗಂಟು ಇಟ್ಟ ಜಾಗದಲ್ಲಿರಲಿಲ್ಲ. ಕೈ ಇಳಿಬಿಟ್ಟು ತಡಕಿದ. ಸಿಗಲಿಲ್ಲ.

“ನಿಜವಾದ ಕಳ್ಳತನ ಆಗಿಹೋಯ್ತು ಅಂದ್ಕೊಂಡೆ. ಹೇಳೋಕೆ ಧೈರ್ಯ ಬರಲಿಲ್ಲ ಕಣಮ್ಮ,” ಎಂದ, ನೆವೆನಾಗೆ. ಅವಳ ಮುಖ ನೋಡಲು ಮಾತ್ರ ಅವನಿಂದ ಆಗಲಿಲ್ಲ.

ಪಾವ್ಲೀನಾ ಕೂಗಾಡಲಿಲ್ಲ. ಗಂಡನ ಮುಂದಿದ್ದ ಬಾನಿತ್ಸಾದ ತಟ್ಟೆ ಎತ್ತಿ ಇಸ್ಕ್ರಾಳ ಮುಂದಿಟ್ಟಳು. ಆ ಮನೆಯಲ್ಲಿ ಇದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಆದರೆ ಅವಳ ಹುಬ್ಬು ಸಡಿಲಾಗಲಿಲ್ಲ. ಇಟ್ಟದ್ದು ಇವರೇ ಇರಬಹುದು, ತೆಗೆದದ್ದು ಯಾರು? ಆ ದಿನವೆಲ್ಲ ಮನೆಯಲ್ಲಿದ್ದವಳು ಯಾರು? ಅವಳ ನೋಟ ನೆವೆನಾಳ ಕಡೆ ತಿರುಗಿತು. ನೆವೆನಾ ಸದ್ದಿಲ್ಲದೆ ಕೋಟಿನ ಗುಂಡಿ ಹಾಕಿಕೊಂಡಳು.

“ಯಾರೂ ತೆಗೆದಿಲ್ಲ,” ಎಂದಳು ಇಸ್ಕ್ರಾ. ಖುಷಿಗೆ ಅವಳ ಧ್ವನಿಯೇ ಏರಿತು. “ಇಷ್ಟು ದಿನದಿಂದ ಒಳಗೆ ಬಾಗಿಲು ಬಡೀತಿರೋದು ಯಾರು ಅಂದ್ಕೊಂಡ್ರಿ? ಇಲ್ಲೇ ಇರಿ. ತಂತಿ ಎಲ್ಲ ಬಿಚ್ಚಿದೆ, ಯಾರೂ ಒಳಗೆ ಬರಬೇಡಿ.”

*

ಯಾರೂ ಬರಬೇಡಿ ಎಂದದ್ದು ಗೀನಾ ಅಜ್ಜಿಗೆ ಮಾತ್ರ ಕೇಳಿಸಲಿಲ್ಲ. ಕೋಲೂರಿಕೊಂಡು ಹಿಂದೆಯೇ ಬಂದು, ಬಚ್ಚಲಿನ ಸ್ಟೂಲಿನ ಮೇಲೆ ಕೂತಳು.

ಇಸ್ಕ್ರಾ ಮೇಲ್ಮುಚ್ಚಳ ತೆಗೆದಳು. ಡ್ರಮ್ಮು ಕುಣಿದಾಡದಿರಲೆಂದು ತೊಟ್ಟಿಯ ಮೇಲೆ ಕಟ್ಟಿರುವ ಕಾಂಕ್ರೀಟಿನ ದಿಂಡು ಕಾಣಿಸಿತು. ಪಾಪದ ಡಾಂಚೊ ಅದನ್ನು ಕಪಾಟಿನ ಹಲಗೆ ಎಂದುಕೊಂಡಿದ್ದ. ಅದೂ ತೊಟ್ಟಿಯ ಜೊತೆಗೇ ನಡುಗುತ್ತದೆ ಎಂದು ನದಿಯವನಿಗೆ ಹೇಗೆ ಗೊತ್ತಾಗಬೇಕು? ಹೆಂಡತಿ ಒಂದು ಸಲ ಬಟ್ಟೆ ಹಿಂಡಿದಳೋ, ಗಂಟು ಜಾರಿತು. ಅವಳು ಇಡೀ ವಾರ ಹಿಂಡಿದ್ದಳು.

ಕರವಸ್ತ್ರ ಪಕ್ಕದ ಸ್ಪ್ರಿಂಗಿನ ಕೆಳಗೆ ನೇತಾಡುತ್ತಿತ್ತು. ಅದರೊಳಗೆ ಒಂದು ಕೊಂಡಿ, ಒಣಗಿಕೊಂಡು, ಹೊಳೆಯುತ್ತ. ಎಲೆಯಾಕಾರ, ನಡುವೆ ಗರಿ ಬಿಚ್ಚಿದ ನವಿಲು. ನವಿಲಿನ ಜುಟ್ಟು ಮಾತ್ರ ಎಂದೋ ಮುರಿದಿತ್ತು.

ಇನ್ನೊಂದು ತಳದಲ್ಲಿತ್ತು. ಕೊಳವೆ ಸೋರಿ ನಿಂತ ನೀರಿನಲ್ಲಿ, ಮೋಟಾರಿನ ಪಕ್ಕ ಓರೆಯಾಗಿ ಸಿಕ್ಕಿಬಿದ್ದಿತ್ತು. ತೊಟ್ಟಿ ತೂಗಾಡಿದಾಗೆಲ್ಲ ಬಂದು ಅದಕ್ಕೇ ಬಡಿಯುತ್ತಿತ್ತು. ಠಣ್, ಠಣ್.

ಕೈ ಹೋಗುವ ಜಾಗವಲ್ಲ. ಇಸ್ಕ್ರಾ ಉದ್ದನೆಯ ಸ್ಕ್ರೂಡ್ರೈವರನ್ನು ಒಳಗಿಟ್ಟು ಮೀಟಲು ಹೋದಳು. ಬಿದ್ದ ತಿರುಪು ಎತ್ತಲೆಂದು ಅದರ ತುದಿಗೆ ಅಯಸ್ಕಾಂತ ಇರುತ್ತದೆ. ಮೀಟುವ ಮೊದಲೇ ಕೊಂಡಿ ಚಕ್ ಎಂದು ಹಾರಿ ಅದಕ್ಕೆ ಅಂಟಿಕೊಂಡಿತು.

ಅವಳು ಅದನ್ನು ಬೆಳಕಿಗೆ ತಂದಳು. ತೊಟ್ಟಿ ಬಡಿದು ಉಜ್ಜಿದ ಕಡೆ ಹೊಳಪು ಎದ್ದುಹೋಗಿತ್ತು. ಅಲ್ಲಿಂದ ಇಟ್ಟಿಗೆ ಬಣ್ಣದ ತುಕ್ಕು ನವಿಲಿನ ಕೊರಳವರೆಗೆ ಹರಡಿತ್ತು.

ಇಸ್ಕ್ರಾಳ ಖುಷಿ ಒಂದೇ ಕ್ಷಣದಲ್ಲಿ ಇಳಿದುಹೋಯಿತು. ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಬೆಳ್ಳಿಗೆ ತುಕ್ಕು ಹಿಡಿಯುವುದಿಲ್ಲ. ಇದು ಬೆಳ್ಳಿಯ ನೀರು ಕುಡಿಸಿದ ಕಬ್ಬಿಣ.

ಅಜ್ಜಿಯ ಕಡೆ ತಿರುಗಿದಳು. ಅಜ್ಜಿಗೆ ಆಶ್ಚರ್ಯವೇ ಆಗಿರಲಿಲ್ಲ.

“ಡಾಂಚೊಗೆ ಗೊತ್ತಿಲ್ಲ,” ಎಂದಳು ಮೆಲ್ಲಗೆ. “ಅವನ ಅಪ್ಪನಿಗೂ ಗೊತ್ತಿರಲಿಲ್ಲ. ಕಷ್ಟಕಾಲದಲ್ಲಿ ಅಸಲಿ ಕೈಬಿಟ್ಟು, ಇದನ್ನ ಮಾಡಿಸಿಟ್ಟೋಳು ನಾನೇ. ಅಕ್ಕಸಾಲಿಗನ ಕೈಗೆ ಹೋಗಿದ್ರೆ ಊರಿಗೇ ಗೊತ್ತಾಗ್ತಿತ್ತು.”

“ಅಜ್ಜೀ, ನಿಜವಾದದ್ದು ಎಲ್ಲಿ?”

ಅಜ್ಜಿ ಕೋಲಿನ ತುದಿಯಿಂದ ಮಷೀನಿನ ತೆರೆದ ಬೆನ್ನನ್ನು ತೋರಿಸಿದಳು.

“ಅದನ್ನ ಮತ್ತೆ ಒಳಗೇ ಹಾಕು ಮಗಳೇ. ಸಿಗಲಿಲ್ಲ ಅಂದುಬಿಡು.”

“ಆ ಹುಡುಗಿ ಬಸ್ಸು ಹತ್ತುತ್ತಾಳೆ.”

“ಗೊತ್ತು.” ಅಜ್ಜಿ ಕೋಲನ್ನು ಮಡಿಲಿಗೆ ಎಳೆದುಕೊಂಡಳು. “ಹೊಸೆಯುವಾಗ ಅವಳ ದಾರಕ್ಕೇ ಒಳ್ಳೇ ಮಣಿ ಹಾಕಿದ್ದೆ. ನನಗೂ ಕರುಳಿದೆ. ಆದ್ರೆ ಈಗ ತೋರಿಸಿದ್ರೆ ಏನಂತಾಳೆ ಪಾವ್ಲೀನಾ, ಯೋಚನೆ ಮಾಡು. ಅಸಲಿ ತೆಗೆದು ನಕಲಿ ಇಟ್ಟೋಳು ಇವಳೇ ಅಂತಾಳೆ.”

ಅದು ನಿಜವೇ. ಇಸ್ಕ್ರಾಗೆ ಅಜ್ಜಿಯ ಮೇಲೆ ಸಿಟ್ಟು ಬಂತು, ಅದರ ಜೊತೆಗೇ ಮರುಕವೂ ಬಂತು. ಇಷ್ಟು ವರ್ಷದಲ್ಲಿ ರಿಪೇರಿ ಮಾಡಿದ ಮೇಲೆ ಕೆಡಿಸು ಎಂದು ಅವಳನ್ನು ಕೇಳಿದವರು ಯಾರೂ ಇರಲಿಲ್ಲ. ತೋರಿಸಿದರೆ ನೆವೆನಾ ಕಳ್ಳಿ. ಬಚ್ಚಿಟ್ಟರೂ ನೆವೆನಾ ಕಳ್ಳಿ. ಎಣ್ಣೆಗೈಯಲ್ಲಿ ಕಬ್ಬಿಣದ ನವಿಲು ಭಾರವಾಗುತ್ತ ಹೋಯಿತು.

“ಸಿಕ್ತಾ?” ಎಂದು ಅಡುಗೆಮನೆಯಿಂದ ಪಾವ್ಲೀನಾ ಕೂಗಿದಳು.

ಇಸ್ಕ್ರಾ ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲು ಸರಿಯಿತು. ನೆವೆನಾ ನಿಂತಿದ್ದಳು.

“ನನ್ನ ಬ್ರಷ್ಷು,” ಎಂದಳು ಸಂಕೋಚದಿಂದ. “ಮರೆತಿದ್ದೆ.”

ಹಸಿರು ಬ್ರಷ್ಷಿಗೆ ಚಾಚಿದ ಅವಳ ಕೈ ಅರ್ಧದಲ್ಲೇ ನಿಂತಿತು. ಕಣ್ಣು ಇಸ್ಕ್ರಾಳ ಅಂಗೈ ಮೇಲಿತ್ತು. ಕೇಳದೆಯೇ ಕೊಂಡಿಯನ್ನು ಎತ್ತಿಕೊಂಡಳು, ಮುರಿದ ಜುಟ್ಟಿನ ಮೇಲೆ ಹೆಬ್ಬೆರಳು ಆಡಿಸಿದಳು. ಮೊದಲ ಸಲ ನೋಡುವವರು ಹಾಗೆ ಮುಟ್ಟುವುದಿಲ್ಲ.

“ನಮ್ಮಮ್ಮನ ಪೆಟ್ಟಿಗೇಲೂ ಇಂಥದ್ದೇ ಒಂದು ಜೋಡಿ ಇದೆ,” ಎಂದಳು. “ಇದೇ ನವಿಲು. ಇದೇ ಮುರಿದ ಜುಟ್ಟು.”

ಗೀನಾ ಅಜ್ಜಿಯ ಕೋಲು ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಹಜಾರದಲ್ಲಿ ಪಾವ್ಲೀನಾಳ ಚಪ್ಪಲಿಯ ಸದ್ದು ಹತ್ತಿರವಾಗುತ್ತಿತ್ತು.

ನೆವೆನಾ ಬೆರಳಿಗೆ ಹತ್ತಿದ ಕೆಂಪು ಪುಡಿಯನ್ನೇ ನೋಡುತ್ತಿದ್ದಳು.

“ಆದ್ರೆ ಅದಕ್ಕೆ ತುಕ್ಕು ಹಿಡಿಯಲ್ಲ.”